ಡೇಲ್ ಚಿಹೂಲಿ: ಊದುಕೊಳವೆ ಕೆಳಗಿಟ್ಟ ಗಾಜಿನ ಕಲಾವಿದ

ಮುಖ್ಯಾಂಶಗಳು

• ಜನನ: 20 ಸೆಪ್ಟೆಂಬರ್ 1941, ಟಕೋಮಾ, ಅಮೆರಿಕದ ವಾಷಿಂಗ್ಟನ್ ರಾಜ್ಯ (ರಾಜಧಾನಿ ವಾಷಿಂಗ್ಟನ್ ಡಿ.ಸಿ. ಬೇರೆ).

• ಓದಿದ್ದು ಒಳಾಂಗಣ ವಿನ್ಯಾಸ. 1965ರಲ್ಲಿ ಗಾಜು ಕರಗಿಸಿ, ಲೋಹದ ಕೊಳವೆಯಿಂದ ಮೊದಲ ಗುಳ್ಳೆ ಊದಿದರು.

• ಹಿನ್ನೆಲೆ: ಅಮೆರಿಕದಲ್ಲಿ ಆವರೆಗೆ ಗಾಜು ಊದುವುದೆಂದರೆ ಬಹುಮಟ್ಟಿಗೆ ಕಾರ್ಖಾನೆಯ ಕೆಲಸ. ವಿನ್ಯಾಸ ಬರೆಯುವವರು ಒಬ್ಬರು, ಊದುವವರು ಇನ್ನೊಬ್ಬರು. ಚಿಕ್ಕ ಕುಲುಮೆ ಇಟ್ಟುಕೊಂಡು ಕಲಾವಿದನೇ ಊದಬಹುದೆಂದು ತೋರಿಸಿದ್ದು 1962ರಲ್ಲಿ ಟೊಲೀಡೊ ಕಲಾ ವಸ್ತುಸಂಗ್ರಹಾಲಯದಲ್ಲಿ ಹಾರ್ವೆ ಲಿಟಲ್ಟನ್ ನಡೆಸಿದ ಎರಡು ಕಾರ್ಯಾಗಾರಗಳು. ಸುಲಭವಾಗಿ ಕರಗುವ ಗಾಜು ಒದಗಿಸಿದವರು ಡೊಮಿನಿಕ್ ಲಬೀನೊ. ‘ಸ್ಟುಡಿಯೊ ಗಾಜು ಚಳವಳಿಯ ಪಿತಾಮಹ ಯಾರು?’ ಎಂದರೆ ಉತ್ತರ ಲಿಟಲ್ಟನ್. ಚಿಹೂಲಿ ಹೆಚ್ಚು ಪ್ರಸಿದ್ಧರು, ಆದರೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಲಿಟಲ್ಟನ್ ಅವರ ಶಿಷ್ಯ.

• 1968: ಫುಲ್‌ಬ್ರೈಟ್ ನೆರವಿನಿಂದ ಇಟಲಿಗೆ, ಮುರಾನೊ ದ್ವೀಪದ ವೆನಿನಿ ಕಾರ್ಖಾನೆ. ಒಬ್ಬ ಮೇಸ್ತ್ರಿಯ ಸುತ್ತ ಇಡೀ ತಂಡ ದುಡಿಯುವುದನ್ನು ಕಂಡದ್ದು ಇಲ್ಲೇ.

• ಕೆಲಸದ ಕ್ರಮ: ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಕುಲುಮೆಯಿಂದ ಕೊಳವೆಯ ತುದಿಗೆ ಗಾಜು ಸುತ್ತಿಕೊಳ್ಳುತ್ತಾರೆ, ಆಗ ಅದು ಜೋನಿಬೆಲ್ಲದ ಹದ. ಕೊಳವೆ ತಿರುಗಿಸುವುದು ನಿಂತರೆ ಒಂದು ಮಗ್ಗುಲಿಗೆ ಜೋತುಬೀಳುತ್ತದೆ. ನೀರಲ್ಲಿ ನೆನೆಸಿದ ಮರದ ಉಪಕರಣದಲ್ಲಿ ಹೊರಳಿಸಿ ಆಕಾರ ಕೊಡುವುದು, ಬಿಗಿಯಾದರೆ ಮತ್ತೆ ಬೆಂಕಿಗೆ ಒಡ್ಡುವುದು. ಮುಗಿದ ಕೃತಿಯನ್ನು ಬಿಸಿ ಗೂಡಿನಲ್ಲಿಟ್ಟು ನಿಧಾನವಾಗಿ ಆರಿಸಬೇಕು. ಒಳಗೂ ಹೊರಗೂ ಒಂದೇ ಸಮ ಆರದಿದ್ದರೆ ಒತ್ತಡ ಉಳಿದು ಸೀಳುತ್ತದೆ.

• 1971: ಆನ್ ಮತ್ತು ಜಾನ್ ಹಾಬರ್ಗ್ ಜೊತೆಗೂಡಿ ಪಿಲ್ಚಕ್ ಗಾಜು ಶಾಲೆಯ ಸ್ಥಾಪನೆ.

• 1976: ಇಂಗ್ಲೆಂಡಿನಲ್ಲಿ ಕಾರು ಅಪಘಾತ, ಎಡಗಣ್ಣಿನ ದೃಷ್ಟಿ ಹೋಯಿತು. ಕಣ್ಣಿನ ಕಪ್ಪು ಪಟ್ಟಿ ಅಂದಿನಿಂದ. 1979ರಲ್ಲಿ ಸಮುದ್ರದ ಅಲೆಗಳಲ್ಲಿ ಆಡುವಾಗ ಭುಜ ಕೀಲು ತಪ್ಪಿತು. ಆಮೇಲೆ ಊದುವ ಪೀಠ ಬಿಟ್ಟುಕೊಟ್ಟು, ಚಿತ್ರ ಬರೆದು ತಂಡದಿಂದ ಮಾಡಿಸತೊಡಗಿದರು. ‘ಹಾಗಾದರೆ ಕೃತಿ ಯಾರದು?’ ಎಂಬ ಆಕ್ಷೇಪ ಇಂದಿಗೂ ಇದೆ. ಊದುವವನೂ ಕಲಾವಿದನೂ ಒಬ್ಬನೇ ಆಗಲೆಂದು ಗುರು ಹೋರಾಡಿದರೆ, ಶಿಷ್ಯ ಮುರಾನೊ ತಂಡವನ್ನೇ ಸ್ಟುಡಿಯೊಗೆ ಕರೆತಂದ. ವಿವರಣಾತ್ಮಕ ಪ್ರಶ್ನೆ ಬಂದರೆ ಈ ಮಾತು ಬಿಡಬೇಡಿ. ದೊಡ್ಡ ಕೃತಿಗಳು ಒಂದು ಜೊತೆ ಕೈಯಿಂದ ಆಗುವಂಥವೂ ಅಲ್ಲ.

• ಸರಣಿಗಳು: ಬಾಸ್ಕೆಟ್ಸ್ (1977), ಸೀಫಾರ್ಮ್ಸ್ (1980), ಮಾಕಿಯಾ (1981), ಪರ್ಷಿಯನ್ಸ್ (1986), ಶಾಂಡೆಲಿಯರ್ಸ್ (1992). ಹೆಚ್ಚು ಗಮನ ಬಾಸ್ಕೆಟ್ಸ್‌ಗೆ ಸಲ್ಲಬೇಕು: ಮೂಲನಿವಾಸಿಗಳ ಹಳೆಯ ಬುಟ್ಟಿಗಳು ಒಂದರೊಳಗೊಂದು ಕುಸಿದು ಕೂತದ್ದನ್ನು ನೋಡಿ, ಬಿಸಿ ಗಾಜನ್ನೂ ಅದರ ಭಾರಕ್ಕೇ ಬಾಗಲು ಬಿಟ್ಟರು. ಸೊಟ್ಟಗಾಗುವುದು ದೋಷವಲ್ಲ ಎಂದಾಯಿತು.

• ಸ್ಥಳ ಹೊಂದಿಸಿ: ಕಾಲುವೆಗಳ ಮೇಲೆ ಗಾಜಿನ ಗೊಂಚಲು – ವೆನಿಸ್, 1996, ಬೆಲಾಜಿಯೊ ಹೋಟೆಲಿನ ಚಾವಣಿ, 2,000 ಹೂಗಳು – ಲಾಸ್ ವೇಗಸ್, 1998, ಚಿಹೂಲಿ ಗಾರ್ಡನ್ ಅಂಡ್ ಗ್ಲಾಸ್ – ಸಿಯಾಟಲ್, 2012.