ಚೀಟಿಯಿಂದ ಶಿಷ್ಟಾಚಾರದವರೆಗೆ

ಬಸ್ಸನ್ನು ಏರಿದ ಕೂಡಲೆ ನಾವು ಕೈಚಾಚಿ ಕೇಳುವ ವಸ್ತು ಟಿಕೆಟ್. ಓದಿದವರು, ಓದದವರು, ಹಳ್ಳಿಯವರು, ಪಟ್ಟಣದವರು ಎಲ್ಲರೂ ಈ ಪದವನ್ನು ಬಲ್ಲರು. ‘ಟಿಕೀಟು’ ಎಂದು ಇದಕ್ಕೆ ಕನ್ನಡದ ಉಡುಗೆಯನ್ನು ತೊಡಿಸಿದವರೂ ಉಂಟು. ಈ ಸಾಮಾನ್ಯ ಪದಕ್ಕೆ ಅರಮನೆಯಲ್ಲಿ ಬೆಳೆದ ಸೋದರಿಯೊಬ್ಬಳಿದ್ದಾಳೆ. ಅವಳ ಹೆಸರು ‘ಎಟಿಕೆಟ್’. ಸಭ್ಯರ ನಡುವೆ ನಡೆದುಕೊಳ್ಳಬೇಕಾದ ರೀತಿ, ಶಿಷ್ಟಾಚಾರ ಎಂಬುದು ಈ ಪದದ ಅರ್ಥ. ಇಂಗ್ಲಿಷಿನ ನಯವಾದ ಪದಗಳಲ್ಲಿ ಇದೂ ಒಂದು. ಆದರೆ ಇದು ಹುಟ್ಟಿನಿಂದ ಇಂಗ್ಲಿಷಿನದಲ್ಲ. ಫ್ರೆಂಚ್ ಭಾಷೆಯಿಂದ ಬಂದದ್ದು.

ಇಂಗ್ಲಿಷ್ ಭಾಷೆ ಫ್ರೆಂಚಿಗೆ ಬಹಳ ಋಣಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಅಲ್ಲಿಂದ ಮುಂದೆ ಬಹುಕಾಲ ಆ ದೇಶದ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ನುಡಿಯೇ ಮೆರೆಯಿತು. ಇಂದು ನಾವು ಕನ್ನಡದ್ದೆಂಬಂತೆ ಬಳಸುವ ಕೋರ್ಟು, ಜಡ್ಜು ಮೊದಲಾದ ಮಾತುಗಳು ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನಮಗೆ ಬಂದವು. ಎಟಿಕೆಟ್ ಇವುಗಳಷ್ಟು ಹಳೆಯದಲ್ಲ. ಅದು ಇಂಗ್ಲಿಷನ್ನು ಸೇರಿದ್ದು ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ.

ಈ ಪದದ ಮೂಲಾರ್ಥ ಬಹು ಸರಳವಾದುದು. ಅಂಟಿಸು, ಚುಚ್ಚಿ ನಿಲ್ಲಿಸು ಎಂಬ ಅರ್ಥದ ಹಳೆಯ ಜರ್ಮಾನಿಕ್ ಧಾತುವೊಂದು ಇದರ ಬೇರು. ಇಂಗ್ಲಿಷಿನ ‘ಸ್ಟಿಕ್’ ಎಂಬುದೂ ಅದೇ ಬೇರಿನ ಇನ್ನೊಂದು ಚಿಗುರು. ಹಳೆಯ ಫ್ರೆಂಚಿನಲ್ಲಿ ಅದು ‘ಎಸ್ಟಿಕೆಟ್’ ಎಂದಾಗಿ, ವಸ್ತುವಿಗೆ ಅಂಟಿಸಿದ ಚೀಟಿ ಎಂಬ ಅರ್ಥವನ್ನು ತಳೆಯಿತು. ಕಾಲಕ್ರಮದಲ್ಲಿ ನಡುವಿನ ಸಕಾರವು ಬಿದ್ದುಹೋಗಿ ‘ಎಟಿಕೆಟ್’ ಉಳಿಯಿತು. ಇಂದಿಗೂ ಫ್ರೆಂಚರು ಅಂಗಡಿಯ ಸರಕಿಗೆ ಅಂಟಿಸಿದ ಬೆಲೆಚೀಟಿಯನ್ನು ಇದೇ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷರು ಹದಿನಾರನೆಯ ಶತಮಾನದಲ್ಲಿ ಒಮ್ಮೆ ಈ ಪದವನ್ನು ತಂದುಕೊಂಡು, ಅದರ ಮೊದಲ ಸ್ವರವನ್ನೂ ಕಳೆದು ‘ಟಿಕೆಟ್’ ಮಾಡಿದರು. ಎರಡು ಶತಮಾನಗಳ ಬಳಿಕ ಅದೇ ಪದವನ್ನು ಇನ್ನೊಮ್ಮೆ, ಹೊಸ ಅರ್ಥದಲ್ಲಿ, ಫ್ರೆಂಚ್ ಕಾಗುಣಿತದೊಡನೆ ತಂದುಕೊಂಡರು.

ಚೀಟಿಯು ಶಿಷ್ಟಾಚಾರವಾದುದು ಹೇಗೆ? ನಡೆದುಕೊಳ್ಳಬೇಕಾದ ವಿಧಿಗಳನ್ನು ಚೀಟಿಗಳಲ್ಲಿ ಬರೆದು ಕೊಡುತ್ತಿದ್ದುದರಿಂದ ಆ ವಿಧಿಗಳಿಗೇ ಚೀಟಿಯ ಹೆಸರು ಬಂದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಇಂತಹ ವಿಧಿಗಳು ತುತ್ತತುದಿಯನ್ನು ಮುಟ್ಟಿದ್ದು ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ. ಈ ದೊರೆಯು 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೇಲ್ಸ್ ಅರಮನೆಯಲ್ಲಿ ನೆಲೆಗೊಳಿಸಿದನು. ಅಲ್ಲಿ ಅರಸನು ಹಾಸಿಗೆಯಿಂದ ಏಳುವುದೂ ಒಂದು ಉತ್ಸವ. ಮೊದಲು ಯಾರು ಒಳಗೆ ಬರಬೇಕು, ಅಂಗಿಯನ್ನು ಯಾರು ನೀಡಬೇಕು, ಮಲಗುವ ಹೊತ್ತಿನಲ್ಲಿ ದೀಪವನ್ನು ಯಾರು ಹಿಡಿಯಬೇಕು ಎಂಬುದಕ್ಕೆಲ್ಲ ನಿಯಮವಿತ್ತು. ರಾಣಿಯ ಮುಂದೆ ಚಿಕ್ಕದೊಂದು ಪೀಠದ ಮೇಲೆ ಕುಳಿತುಕೊಳ್ಳುವುದು ಕೆಲವೇ ಮಹಿಳೆಯರ ಭಾಗ್ಯ; ಉಳಿದವರು ನಿಂತೇ ಇರಬೇಕು. ಒಬ್ಬರನ್ನು ಮೇಲೆಂದೂ ಇನ್ನೊಬ್ಬರನ್ನು ಕೀಳೆಂದೂ ಗುರುತಿಸಿ ತೋರಿಸುವ ಕಾಣದ ಚೀಟಿಯಾಗಿ ಆ ಶಿಷ್ಟಾಚಾರವು ಪ್ರತಿಯೊಬ್ಬರ ಮೇಲೂ ಅಂಟಿಕೊಂಡಿತ್ತು. ಇಷ್ಟು ವಿಧಿಗಳಿದ್ದ ಆ ಅರಮನೆಯಲ್ಲಿ ಹೊರಗಿನ ಹಸಿದ ಜನರನ್ನು ಹೇಗೆ ಕಾಣಬೇಕೆಂಬ ವಿಧಿ ಮಾತ್ರ ಬಲವಾಗಲಿಲ್ಲ. 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು.

ನಾನು ಅಧ್ಯಾಪಕನಾಗಿದ್ದ ಹಳ್ಳಿಯ ಶಾಲೆಯೊಂದರಲ್ಲಿ ಹುಡುಗನೊಬ್ಬನು ಈ ಪದವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ‘ಎಟಿಕ್ವೆಟ್ಟೆ’ ಎಂದು ಓದಿದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗನು ಪುಸ್ತಕವನ್ನು ಮುಚ್ಚಿ ತಲೆತಗ್ಗಿಸಿ ಕುಳಿತನು. ಆಮೇಲೆ ಬಹುದಿನ ಅವನು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದಲೇ ಇಲ್ಲ. ಆ ದಿನ ಪದದ ಉಚ್ಚಾರಣೆಯಲ್ಲಿ ತಪ್ಪಿದವನು ಒಬ್ಬ. ಪದದ ಅರ್ಥದಲ್ಲಿ ತಪ್ಪಿದವರು ನಕ್ಕವರೆಲ್ಲರು.

ಅವನ ಓದಿನಲ್ಲಿ ನ್ಯಾಯವೂ ಇತ್ತು. ನುಡಿದಂತೆ ಬರೆಯುವ, ಬರೆದಂತೆ ಓದುವ ಭಾಷೆ ನಮ್ಮದು. ಇಂಗ್ಲಿಷಿನಲ್ಲಿಯೂ ‘ಕ್ವೀನ್’, ‘ಕ್ವಶ್ಚನ್’ ಎಂಬ ಪದಗಳಲ್ಲಿ ಕ್ಯೂ ಮತ್ತು ಯು ಅಕ್ಷರಗಳು ಕೂಡಿ ‘ಕ್ವ’ ಎಂದೇ ನುಡಿಯುತ್ತವೆ. ಎಟಿಕೆಟ್ ಮಾತ್ರ ಫ್ರೆಂಚ್ ರೂಢಿಯನ್ನು ಹಿಡಿದಿದೆ. ಇದನ್ನು ಹೇಳಿಕೊಟ್ಟರೆ ಯಾರಾದರೂ ಕಲಿಯಬಲ್ಲರು. ನಕ್ಕರೆ ಯಾರೂ ಕಲಿಯಲಾರರು.

ನಮ್ಮ ಹಿರಿಯರು ಶಾಲೆಯನ್ನು ‘ಇಸ್ಕೂಲು’ ಎಂದರೆ ನಗುವವರುಂಟು. ಆದರೆ ಪದದ ಮೊದಲಲ್ಲಿ ಬರುವ ಒತ್ತಕ್ಷರದ ಕಷ್ಟವನ್ನು ಸ್ವರವೊಂದನ್ನು ಸೇರಿಸಿ ಕಳೆದುಕೊಳ್ಳುವುದು ನಾಲಗೆಯ ಸಹಜ ಧರ್ಮ. ಲ್ಯಾಟಿನಿನ ‘ಸ್ಕೋಲಾ’ ಎಂಬ ಪದವನ್ನು ಹಿಂದಿನ ಫ್ರೆಂಚರು ‘ಎಸ್ಕೋಲ್’ ಎಂದರು. ಅದೇ ಮುಂದೆ ‘ಎಕೋಲ್’ ಆಯಿತು. ‘ಎಸ್ಟಿಕೆಟ್’ ಎಂಬುದರ ಮೊದಲ ಸ್ವರವೂ ಹೀಗೆಯೇ ಬಂದದ್ದು. ನಮ್ಮ ಅಜ್ಜಿಯ ಇಸ್ಕೂಲಿಗೂ ಪ್ಯಾರಿಸ್ಸಿನ ಪಂಡಿತರ ಎಕೋಲಿಗೂ ಇರುವ ನ್ಯಾಯ ಒಂದೇ. ಒಂದಕ್ಕೆ ನಕ್ಕು ಇನ್ನೊಂದಕ್ಕೆ ತಲೆದೂಗುವುದು ಸರಿಯೆ?

ಈ ತತ್ತ್ವವನ್ನು ಕನ್ನಡ ವೈಯಾಕರಣರು ಬಹು ಹಿಂದೆಯೇ ಅರಿತಿದ್ದರು. ಸಂಸ್ಕೃತದ ‘ಸ್ನೇಹ’ ನಮ್ಮಲ್ಲಿ ‘ನೇಹ’ವಾಯಿತು, ‘ಸ್ಥಾನ’ವು ‘ತಾಣ’ವಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಟುಗಳಿಗಾಗಿ ಅಪಭ್ರಂಶ ಪ್ರಕರಣವೆಂಬ ಪ್ರತ್ಯೇಕ ಪ್ರಕರಣವನ್ನೇ ರಚಿಸಿದನು. ಪದಗಳು ಬಾಯಿಂದ ಬಾಯಿಗೆ ಸಾಗುವಾಗ ಬದಲಾಗುವುದನ್ನು ಆತನು ಶಾಸ್ತ್ರದ ವಿಷಯವೆಂದು ತಿಳಿದನೇ ಹೊರತು ಪರಿಹಾಸ್ಯದ ವಿಷಯವೆಂದಲ್ಲ.

ಹಾಗೆಂದು ಸರಿಯಾದ ಉಚ್ಚಾರಣೆ ಬೇಡವೆಂದಲ್ಲ. ಪರಭಾಷೆಯನ್ನು ಕಲಿಯುವವರು ಅದರ ಮಾತನ್ನು ಅದರವರು ನುಡಿಯುವಂತೆಯೇ ನುಡಿಯಲು ಶ್ರಮಿಸಬೇಕು. ಅದು ಆ ಭಾಷೆಗೆ ಸಲ್ಲಿಸುವ ಗೌರವ. ಆದರೆ ಕಲಿತ ಪದವು ಕಲಿಯದವರನ್ನು ಅಳೆಯುವ ಅಳತೆಗೋಲಾಗಬಾರದು. ಎಟಿಕೆಟ್ ಎಂಬ ಪದವನ್ನು ಕೇಳದವರಲ್ಲಿಯೂ ಅದರ ಸಾರವುಂಟು. ಮನೆಯಿಂದ ಹೊರಡುವಾಗ ನಮ್ಮವರು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಉಳಿಯುವವರ ಮನಸ್ಸು ನೋಯಬಾರದೆಂಬ ಎಚ್ಚರ ಆ ಮಾತಿನಲ್ಲಿದೆ. ಬಿಸಿಲಿನಲ್ಲಿ ಬಂದವರಿಗೆ ಹೆಸರನ್ನು ಕೇಳುವ ಮೊದಲೇ ಬೆಲ್ಲ, ನೀರು ಕೊಡುವ ಮನೆಗಳು ನಮ್ಮ ನಾಡಿನಲ್ಲಿವೆ. ಅಲ್ಲಿ ಯಾವ ಚೀಟಿಯೂ ಇಲ್ಲ. ಯಾರು ಮೇಲು, ಯಾರು ಕೀಳು ಎಂಬ ಎಣಿಕೆಯೂ ಇಲ್ಲ.

ಇನ್ನೊಬ್ಬರ ಮನಸ್ಸು ನೋಯದಂತೆ ನಡೆಯುವುದೇ ಶಿಷ್ಟಾಚಾರದ ಜೀವಾಳ. ತರಗತಿಯಲ್ಲಿ ಜೊತೆಯವನೊಬ್ಬನು ಪದವೊಂದನ್ನು ತಪ್ಪಾಗಿ ಓದಿದಾಗ ನಗದೆ, ಪಾಠ ಮುಗಿದ ಮೇಲೆ ಬಳಿಗೆ ಹೋಗಿ ಮೆಲ್ಲಗೆ ತಿದ್ದುವ ವಿದ್ಯಾರ್ಥಿಯು ಆ ಫ್ರೆಂಚ್ ಪದವನ್ನು ನಿಜವಾಗಿ ಕಲಿತವನು.

ಅಭ್ಯಾಸ

1. ‘ಟಿಕೆಟ್’ ಮತ್ತು ‘ಎಟಿಕೆಟ್’ ಪದಗಳ ಸಂಬಂಧವನ್ನು ವಿವರಿಸಿ.
2. ವರ್ಸೇಲ್ಸ್ ಅರಮನೆಯ ಶಿಷ್ಟಾಚಾರದಲ್ಲಿ ಲೇಖಕರು ಕಂಡ ಕೊರತೆ ಯಾವುದು?
3. “ಪದದ ಅರ್ಥದಲ್ಲಿ ತಪ್ಪಿದವರು ನಕ್ಕವರೆಲ್ಲರು” – ಈ ಮಾತಿನ ಸ್ವಾರಸ್ಯವನ್ನು ತಿಳಿಸಿ.
4. ನಿಮ್ಮ ಊರಿನವರು ಕನ್ನಡದ ಜಾಯಮಾನಕ್ಕೆ ಹೊಂದಿಸಿಕೊಂಡಿರುವ ಐದು ಇಂಗ್ಲಿಷ್ ಪದಗಳನ್ನು ಪಟ್ಟಿಮಾಡಿ.