ಕಟ್ಟು ಬಿಚ್ಚುವ ಕೈಗಳು

ಕೂತ್ಕೊಳ್ಳಿ. ಹಿಂದೆ ಬಾಗಿಲ ಹತ್ತಿರ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಜಾಗ ಇದೆ. ಸತ್ಯವೇದದಲ್ಲಿ ಯೋಹಾನ 11ನೇ ಅಧ್ಯಾಯ ತೆಗೆಯಿರಿ. ಫೋನಿನಲ್ಲಿ ಓದುವವರು ಫೋನಿನಲ್ಲೇ ಓದಿ, ಆದರೆ ವಾಟ್ಸಾಪ್ ಕಡೆ ಹೋಗಬೇಡಿ.

ಲಾಜರನ ಕಥೆಯನ್ನು ನೀವು ಸಂಡೇ ಸ್ಕೂಲಿನಿಂದ ಕೇಳಿದ್ದೀರಿ. ಸತ್ತು ನಾಲ್ಕು ದಿನ ಆಗಿತ್ತು. ಕರ್ತನು ಸಮಾಧಿಯ ಮುಂದೆ ನಿಂತು ಹೆಸರು ಹಿಡಿದು ಕರೆದನು, ಸತ್ತವನು ಎದ್ದು ಬಂದನು. ನಾವು ಅಲ್ಲಿಗೇ ಹಲ್ಲೆಲೂಯಾ ಹೇಳಿ ಪುಸ್ತಕ ಮುಚ್ಚಿಬಿಡ್ತೇವೆ. 44ನೇ ವಚನವನ್ನು ಕೊನೆಯವರೆಗೂ ಓದಿ ನೋಡಿ. ಹೊರಗೆ ಬಂದವನ ಕೈಕಾಲಿಗೆ ಬಟ್ಟೆ ಸುತ್ತಿದೆ, ಮುಖಕ್ಕೂ ಬಟ್ಟೆ ಕಟ್ಟಿದೆ. ಜೀವ ಬಂದಿದೆ, ಆದರೆ ನೆಟ್ಟಗೆ ನಡೆಯೋಕಾಗಲ್ಲ, ದಾರಿ ಕಾಣಲ್ಲ. ಆಗ ಕರ್ತನು ಏನು ಮಾಡಿದನು? ಸುತ್ತಲೂ ನಿಂತಿದ್ದವರಿಗೆ ಆ ಕಟ್ಟುಗಳನ್ನು ಬಿಚ್ಚಲು ಹೇಳಿದನು. ಸತ್ತವನನ್ನೇ ಎಬ್ಬಿಸಿದವನಿಗೆ ಒಂದು ಬಟ್ಟೆ ಬಿಚ್ಚೋದು ಕಷ್ಟವಾ? ಅಲ್ಲ. ಕಲ್ಲು ತೆಗೆಯೋ ಕೆಲಸವನ್ನೂ ಆತನು ಜನರಿಗೇ ಕೊಟ್ಟಿದ್ದನು, ಕಟ್ಟು ಬಿಚ್ಚೋ ಕೆಲಸವನ್ನೂ ಜನರಿಗೇ ಕೊಟ್ಟನು. ಅದು ಕೊಳೆತ ವಾಸನೆ ಹಿಡಿದ ಬಟ್ಟೆ, ಮರೀಬೇಡಿ. ಮುಟ್ಟೋಕೆ ಯಾರಿಗೂ ಇಷ್ಟ ಇರಲಿಲ್ಲ.

ಇವತ್ತಿನ ಪಾಠ ಆ ಕೈಗಳ ಬಗ್ಗೆ. ವಿಷಯ ನೇರವಾಗಿ ಹೇಳ್ತೀನಿ: ಕುಡಿತ, ಗಾಂಜಾ, ಬೆಟ್ಟಿಂಗ್, ರಾತ್ರಿಯೆಲ್ಲಾ ಫೋನಿನಲ್ಲಿ ನೋಡೋ ಅಶ್ಲೀಲ ವಿಡಿಯೋ, ಮತ್ತೆ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿರೋ ಖಿನ್ನತೆ, ಸಾಯಬೇಕು ಅನ್ನೋ ಯೋಚನೆ. ಇದು ಹೊರಗಿನವರ ಕಥೆ ಅಂತ ಅಂದುಕೊಳ್ಳಬೇಡಿ. ವಿಜಯನಗರದ ಪಿ.ಜಿ.ಯಲ್ಲಿರೋ, ಕೆಂಗೇರಿಯಿಂದ ಮೆಟ್ರೋದಲ್ಲಿ ನಿಂತು ಕೆಲಸಕ್ಕೆ ಹೋಗೋ, ಭಾನುವಾರ ಇಲ್ಲಿ ಕೀಬೋರ್ಡ್ ನುಡಿಸೋ ಮಕ್ಕಳ ಕಥೆ.

ನಮ್ಮ ಸಭೆಗಳಲ್ಲಿ ಒಂದು ವಾಡಿಕೆ ಇದೆ. ಒಬ್ಬ ಸಹೋದರ ಉಪವಾಸ ಕೂಟದಲ್ಲಿ ಮುಂದೆ ಬರ್ತಾನೆ, ಕಣ್ಣೀರು ಹಾಕ್ತಾನೆ, ಪ್ರಾರ್ಥನೆ ಆಗುತ್ತೆ. ಮುಂದಿನ ವಾರವೇ ಕೈಗೆ ಮೈಕ್ ಕೊಟ್ಟು ಬಿಡುಗಡೆಯ ಸಾಕ್ಷಿ ಹೇಳಿಸ್ತೇವೆ. ಆ ಬಿಡುಗಡೆ ನಿಜ, ನಾನು ಅದನ್ನು ಸಂಶಯಪಡಲ್ಲ. ಆದರೆ ಆರು ವಾರ ಆದ ಮೇಲೆ ಸಂಬಳದ ದಿನ ಮಾಗಡಿ ರಸ್ತೆಯಲ್ಲಿ ಅವನ ಕಾಲು ಜಾರಿದರೆ? ಇಡೀ ಸಭೆಯ ಮುಂದೆ ಸಾಕ್ಷಿ ಹೇಳಿದವನು ಈಗ ಯಾರಿಗೆ ಹೇಳಬೇಕು? ಹೇಳಿದರೆ ಸಾಕ್ಷಿ ಸುಳ್ಳಾಯಿತು ಅಂತಾರೆ, ಹೇಳದಿದ್ದರೆ ಒಬ್ಬನೇ ಕುಡಿಯಬೇಕು. ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಳ್ತಾರೆ, ನಿಧಾನವಾಗಿ ಸಭೆಗೆ ಬರೋದನ್ನೇ ಬಿಡ್ತಾರೆ. "ಹಿಂಜಾರಿದ" ಅಂತ ನಾವು ಒಂದು ಮಾತಿನಲ್ಲಿ ಮುಗಿಸ್ತೇವೆ. ಅವನ ಕೈಕಾಲಿನ ಕಟ್ಟು ಯಾರೂ ಬಿಚ್ಚಿರಲಿಲ್ಲ, ಅಷ್ಟೇ.

ಯಾಕೋಬ 5:16 ನೋಡಿ. ತಪ್ಪುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕು ಎಂಬುದೇ ಅಲ್ಲಿಯ ಮಾತು. ವೇದಿಕೆಗೆ ಹತ್ತಬೇಕು ಅಂತ ಇಲ್ಲ.

ಈ ವಚನವನ್ನು ಗಟ್ಟಿಯಾಗಿ ಹಿಡಿದುಕೊಂಡ ಕೆಲವರ ಕಥೆ ಹೇಳ್ತೀನಿ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಎಂಬ ಊರು. ನ್ಯೂಯಾರ್ಕಿನಿಂದ ಷೇರು ವ್ಯವಹಾರಕ್ಕೆ ಬಂದಿದ್ದ ಬಿಲ್ ವಿಲ್ಸನ್ ಎಂಬವನ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹೋಟೆಲಿನ ಲಾಬಿಯಲ್ಲಿ ನಿಂತಿದ್ದಾನೆ: ಒಂದು ಕಡೆ ಬಾರಿನ ನಗು ಕೇಳಿಸ್ತಿದೆ, ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಒಬ್ಬ ಪಾಸ್ಟರಿಗೆ ಫೋನ್ ಮಾಡಿದ. ಮಾತಾಡೋಕೆ ಇನ್ನೊಬ್ಬ ಕುಡುಕ ಬೇಕು ಅಂತ ಕೇಳಿದ! ಯೋಚನೆ ಮಾಡಿ, ಅಂಥ ಫೋನ್ ನಮಗೆ ಬಂದಿದ್ದರೆ ಅರ್ಧ ಗಂಟೆ ಬೋಧನೆ ಕೊಟ್ಟಿರ್ತಿದ್ದೆವು. ಆ ಪಾಸ್ಟರು ಕೆಲವು ಹೆಸರು ಕೊಟ್ಟರು. ಆ ಹೆಸರುಗಳ ಜಾಡು ಹಿಡಿದು ಒಬ್ಬ ಸಹೋದರಿ ಸಿಕ್ಕಿದರು, ಅವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್‌ನನ್ನು ಭೇಟಿ ಮಾಡಿಸಿದರು. ಆ ಡಾಕ್ಟರ್ ಕುಡಿತದಿಂದ ಮುಳುಗಿಹೋಗ್ತಿದ್ದ ಮನುಷ್ಯ. ಹದಿನೈದು ನಿಮಿಷ ಮಾತ್ರ ಕೊಡ್ತೀನಿ ಅಂತ ಬಂದವನು ಗಂಟೆಗಟ್ಟಲೆ ಕೂತ. ಎದುರಿಗಿದ್ದವನು ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿದ. ಹೀಗೆ ಶುರುವಾದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎ.ಎ. ಅಂತ ಕರೆಯೋ ಗುಂಪು. ಮೊದಲ ದಿನಗಳಲ್ಲಿ ಅವರು ಹೆಚ್ಚಾಗಿ ಓದುತ್ತಿದ್ದ ಭಾಗಗಳಲ್ಲಿ ಯಾಕೋಬನ ಪತ್ರವೂ ಒಂದು.

ಇಡೀ ಕಥೆಯಲ್ಲಿ ಆ ಪಾಸ್ಟರ್ ಮಾಡಿದ ಕೆಲಸ ಎಷ್ಟು? ಫೋನ್ ಎತ್ತಿದರು, ಹೆಸರು ಕೊಟ್ಟರು. ಎಷ್ಟೋ ಸಲ ಸಭೆಯಿಂದ ಬೇಕಾಗಿರೋದು ಅಷ್ಟೇ.

ಎ.ಎ. ಕೂಟಗಳು ಬೆಂಗಳೂರಿನಲ್ಲೂ ನಡೀತವೆ, ಕನ್ನಡದಲ್ಲೂ ನಡೀತವೆ. ಫೀಸು ಇಲ್ಲ, ಪೂರ್ತಿ ಹೆಸರು ಕೇಳಲ್ಲ. ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆ ಗುಂಪು ಇದೆ. ಗಂಡನ ಅಥವಾ ಅಪ್ಪನ ಕುಡಿತದಲ್ಲಿ ಬಳಲಿದ ಸಹೋದರಿಯರು ಇದನ್ನು ಬರೆದಿಟ್ಟುಕೊಳ್ಳಿ. "ಪಾಸ್ಟರ್, ಅಲ್ಲಿ ಯೇಸುವಿನ ಹೆಸರು ಹೇಳಲ್ಲವಲ್ಲ, ಹೋಗಬಹುದಾ?" ಅಂತ ಕೆಲವರು ಕೇಳ್ತಾರೆ. ಹೋಗಬಹುದು. ನಿಮ್ಮ ಯೇಸುವನ್ನು ನೀವು ಜೊತೆಗೆ ಕರೆದುಕೊಂಡು ಹೋಗಿ, ಯಾರೂ ಬಾಗಿಲಲ್ಲಿ ತಡೆಯಲ್ಲ.

ಈಗ ಹೇಳೋದನ್ನು ಪ್ರಾರ್ಥನಾ ತಂಡದವರು ವಿಶೇಷವಾಗಿ ಗಮನಿಸಿ. ವರ್ಷಗಟ್ಟಲೆ ದಿನವೂ ಕುಡಿದವನು ಒಂದೇ ಸಲಕ್ಕೆ ನಿಲ್ಲಿಸಿದರೆ ಶರೀರ ಸುಮ್ಮನಿರಲ್ಲ. ಕೆಲವು ಗಂಟೆಗಳಲ್ಲೇ ಕೈನಡುಕ, ಬೆವರು ಶುರುವಾಗುತ್ತೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣೋದು, ಧ್ವನಿ ಕೇಳೋದು, ತಾನು ಎಲ್ಲಿದ್ದೀನಿ ಅಂತ ಗೊತ್ತಾಗದೆ ಕಿರುಚೋದು ಆಗಬಹುದು. ಇದರಿಂದ ಪ್ರಾಣ ಹೋಗೋ ಅಪಾಯ ಇದೆ. ನಮ್ಮಲ್ಲಿ ಏನಾಗುತ್ತೆ? ಮೂರು ದಿನದ ಉಪವಾಸ ಪ್ರಾರ್ಥನೆಗೆ ಕರೆತಂದಿರ್ತಾರೆ, ಮೂರನೇ ದಿನ ಅವನು ನಡುಗಿ ಕೂಗಾಡಿದರೆ ದೆವ್ವ ಮೇಲೆ ಬಂತು ಅಂತ ಹಿಡಿದುಕೊಳ್ತಾರೆ. ಅದು ಮದ್ಯ ಇಲ್ಲದೆ ತತ್ತರಿಸ್ತಿರೋ ಮಿದುಳು, ಪ್ರಿಯರೇ. ಊಟವೂ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು. ಇಂಥವರಲ್ಲಿ ಬಿ1 ವಿಟಮಿನ್ ಮೊದಲೇ ಕಡಿಮೆ ಇರುತ್ತೆ. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಕೈಯಲ್ಲಿ ಕುಡಿತ ಬಿಡಿಸಿ, ಮಂಚದ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡಿ. ಉಪವಾಸ ಇರಬೇಕಾದರೆ ಅವನ ಬದಲು ನೀವು ಇರಿ.

ಮನಸ್ಸಿನ ಕಾಯಿಲೆಗೆ ಬರೋಣ. 1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಎಲೀಯನು ಅದಾದ ಸ್ವಲ್ಪದರಲ್ಲೇ ಗಿಡದ ಕೆಳಗೆ ಕೂತು ಸಾವನ್ನು ಬೇಡ್ತಾನೆ. ಅಭಿಷೇಕ ಇಲ್ಲದವನಾ ಅವನು? ದೇವದೂತನು ಬಂದು ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ, ಎಬ್ಬಿಸಿ ಇನ್ನೊಂದು ಸಲ ಊಟ ಕೊಟ್ಟ. ದೇವರ ಮಾತು ಬಂದದ್ದು ಅದಾದ ಮೇಲೆ. ಕೊನೆಯಲ್ಲಿ ದೇವರು ಅವನಿಗೆ ಎಲೀಷನನ್ನು ಜೊತೆಗೆ ಕೊಟ್ಟನು. ತಾನೊಬ್ಬನೇ ಉಳಿದೆ ಅಂತ ಅತ್ತವನಿಗೆ ಒಬ್ಬ ಮನುಷ್ಯ ಸಿಕ್ಕಿದ. ಮಾತ್ರೆ ತಗೊಳ್ಳೋದು ನಂಬಿಕೆ ಕಡಿಮೆ ಇರೋದರ ಗುರುತು ಅನ್ನುವವರಿಗೆ ಆ ರೊಟ್ಟಿಯನ್ನು ತೋರಿಸಿ. ಪ್ರಾರ್ಥನೆ ಆಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸೋದನ್ನು ಕೊಟ್ಟ ಡಾಕ್ಟರೇ ಹೇಳಬೇಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ, ಒಂದೊಂದು ಕಾಯಿಲೆಗೆ ಒಂದೊಂದು ಲೆಕ್ಕದಂತೆ, ನೂರರಲ್ಲಿ 70ರಿಂದ 92 ರೋಗಿಗಳಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬೇರೆ ಊರಿನವರು ರೈಲು ಹತ್ತಿ ಬರೋ ಆಸ್ಪತ್ರೆ ನಮ್ಮ ಊರಿನಲ್ಲೇ ಇದೆ, ನಾವು ಹೋಗಲ್ಲ. "ಹುಚ್ಚಾಸ್ಪತ್ರೆ" ಅನ್ನೋ ಒಂದು ಪದಕ್ಕೆ ಹೆದರ್ತೇವೆ. ಅಲ್ಲಿ ರೋಗಿಯ ಜೊತೆ ಮನೆಯವರೂ ಇರೋಕೆ ವಾರ್ಡುಗಳಿವೆ, ಯಾಕೆಂದರೆ ಜೊತೆಗೆ ಯಾರಾದರೂ ಇರೋದೇ ಚಿಕಿತ್ಸೆಯ ಒಂದು ಭಾಗ ಅಂತ ಅವರಿಗೆ ಗೊತ್ತು. ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಹೆಸರು ಕೇಳಿದ್ದೀರಾ? 1960ರ ದಶಕದಲ್ಲಿ ಇದೇ ಬೆಂಗಳೂರಿನಲ್ಲಿ ಶುರುವಾದದ್ದು. ಡಾಕ್ಟರ ಕೆಲಸ, ಸಭಾಪಾಲಕರ ಕೆಲಸ, ಎರಡೂ ಅದರ ಹೆಸರಿನಲ್ಲೇ ಇವೆ. ಆಸ್ಪತ್ರೆಯಿಂದ ಬಂದವರು ಮನೆಗೆ ಹೋಗುವ ಮುಂಚೆ ಕೆಲವು ಕಾಲ ಒಟ್ಟಿಗೆ ಬದುಕೋ ಹಾಫ್‌ವೇ ಹೋಮ್ ನಡೆಸಿದರು. ಪ್ರಾರ್ಥನೆಯಾ, ಡಾಕ್ಟರಾ ಅಂತ ನಾವಿನ್ನೂ ಜಗಳ ಆಡ್ತಿದ್ದೇವೆ, ಅವರು ಆಗಲೇ ಒಂದೇ ಮೇಜಿಗೆ ಕೂತಿದ್ದರು.

ಅಂಗಡಿ ಮುಚ್ಚಿಸಿದರೆ ಚಟ ಹೋಗುತ್ತೆ ಅನ್ನುವವರೂ ಇದ್ದಾರೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ. ಕುಡಿಯೋರು ಬೇರೆ ಬಾಟಲಿ ಹಿಡಿದರು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳ ವಿರುದ್ಧ ಕೇಂದ್ರದ ಕಾಯ್ದೆ ಬಂತು. ಒಳ್ಳೆಯದೇ. ಆದರೆ ಆ್ಯಪ್ ಹೋದ ಮೇಲೂ ಸಾಲ ಉಳಿದಿದೆ, ರಾತ್ರಿ ಎರಡು ಗಂಟೆಗೆ ಕೈ ಫೋನಿನ ಕಡೆ ಹೋಗೋದೂ ಉಳಿದಿದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಪೆನ್ನು ತೆಗೆಯಿರಿ. ಟೆಲಿ-ಮಾನಸ್, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಮಾದಕ ವಸ್ತುಗಳ ಚಟಕ್ಕೆ ರಾಷ್ಟ್ರೀಯ ಸಹಾಯವಾಣಿ 14446. ನಿಮ್ಹಾನ್ಸ್‌ಗೆ ರಾಜಾಜಿನಗರದವರು ಹಸಿರು ಮೆಟ್ರೋದಲ್ಲಿ ನೇರವಾಗಿ ಲಾಲ್‌ಬಾಗ್‌ವರೆಗೆ ಹೋಗಿ, ಅಲ್ಲಿಂದ ಆಟೋ. ಕೆಂಗೇರಿ, ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ. ಅಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ಕೇಂದ್ರವೇ ಇದೆ. ಫೋನು, ಗೇಮು, ಇಂಟರ್ನೆಟ್ ಚಟಕ್ಕೆ 2014ರಿಂದ ಶಟ್ ಕ್ಲಿನಿಕ್ ಇದೆ. ತುರ್ತು ವಿಭಾಗ 24 ಗಂಟೆ ತೆರೆದಿರುತ್ತೆ. ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಕಾರ್ಡ್ ಇದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲೂ ಕೇಳಿ, ಗಾರ್ಮೆಂಟ್ಸಿನಲ್ಲಿ ದುಡಿಯೋ ನಿಮ್ಮ ಅಮ್ಮನ ಸಂಬಳದಿಂದ ಅದಕ್ಕೆ ಹಣ ಹೋಗ್ತಾನೇ ಇದೆ.

ಸ್ನೇಹಿತ ಬಂದು ಬದುಕೋಕೆ ಇಷ್ಟ ಇಲ್ಲ ಅಂದರೆ ವಚನ ಹುಡುಕೋಕೆ ಹೋಗಬೇಡಿ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ತಪ್ಪು ತಿಳುವಳಿಕೆ. ಕೇಳಿಸಿಕೊಂಡವನಿಗೆ ಹೆಚ್ಚಾಗಿ ಉಸಿರು ಬಂದಂತಾಗುತ್ತೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಪಕ್ಕದಲ್ಲಿ ಕೂತೇ 14416ಕ್ಕೆ ಫೋನ್ ಮಾಡಿ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಮನೆಯವರು ಮುಚ್ಚಿಡ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಕರ್ತವ್ಯ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿದೆ. ವಾಟ್ಸಾಪ್ ಗುಂಪಿನಲ್ಲಿ "ಇಂಥ ಸಹೋದರನ ಕುಡಿತಕ್ಕಾಗಿ ಪ್ರಾರ್ಥಿಸಿ" ಅಂತ ಹೆಸರು ಹಾಕಿ ಕಳಿಸೋದು ಪ್ರಾರ್ಥನಾ ವಿಷಯ ಅಲ್ಲ, ಚಾಡಿ. ಕೊನೆಯಲ್ಲಿ ಕೈ ಮುಗಿಯೋ ಚಿಹ್ನೆ ಹಾಕಿದರೂ ಚಾಡಿಯೇ.

ಈ ಗುರುವಾರ ಸಂಜೆ ಏಳಕ್ಕೆ ಮೇಲಿನ ಕೋಣೆಯಲ್ಲಿ ಒಂದು ಗುಂಪು ಶುರು ಮಾಡ್ತಿದ್ದೇವೆ. ಬೋಧನೆ ಇರಲ್ಲ, ಮೈಕ್ ಇರಲ್ಲ, ಚಹಾ ಇರುತ್ತೆ. ಅಲ್ಲಿ ಕೇಳಿದ್ದು ಮೆಟ್ಟಿಲಿಳಿದು ಬರಬಾರದು. ಜಾರಿದವರು ಜಾರಿದೆ ಅಂತ ಹೇಳಬಹುದು, ಮುಂದಿನ ಗುರುವಾರವೂ ಅದೇ ಹೇಳಬಹುದು. ಸಹೋದರಿಯರಿಗೆ ಬೇರೆ ಕೂಟ, ಶನಿವಾರ ಮಧ್ಯಾಹ್ನ. ಸೋಮವಾರ ಬೆಳಗ್ಗೆ ಆಸ್ಪತ್ರೆಗೆ ಹೋಗಬೇಕು, ಒಬ್ಬನೇ ಹೋಗೋಕೆ ಧೈರ್ಯ ಇಲ್ಲ ಅನ್ನೋರು ಪ್ರಾರ್ಥನೆ ಮುಗಿದ ಮೇಲೆ ಬಂದು ಹೇಳಿ. ಜೊತೆಗೆ ಬರೋಕೆ ಮೂವರು ರಜೆ ಹಾಕಿದ್ದಾರೆ, ರಾಜಾಜಿನಗರ ಮೆಟ್ರೋ ಸ್ಟೇಷನ್ನಿನಲ್ಲಿ ಏಳೂವರೆಗೆ ಕಾಯ್ತಿರ್ತಾರೆ. ಈಗ ಎದ್ದು ನಿಲ್ಲೋಣ.