ಮಾಗಿಯ ಚಳಿ ಮತ್ತು ಮಂಡಿನೋವು



ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಬಂತೆಂದರೆ ಚಳಿ ಶುರುವಾಯ್ತು ಅಂತ ನಮ್ಮ ಕಡೆ ಲೆಕ್ಕ. ಡಿಸೆಂಬರ್, ಜನವರಿ ತಿಂಗಳ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿಯುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದಿತ್ತು. ಇದೇ ಬೆಂಗಳೂರಿನ ದಾಖಲೆ ಚಳಿ.

ಮನೆಯಲ್ಲಿ ಕಾಣುವ ಕಿರಿಕಿರಿಗಳು

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗುತ್ತದೆ. ಏಕೆಂದರೆ ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ನೋಡಿದರೆ ಹಾಲಾಗಿಯೇ ಇರುತ್ತದೆ. ದೋಸೆ ಹಿಟ್ಟು ಉಬ್ಬುವುದಿಲ್ಲ. ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗಿನ ಜಾಗ ಬೇಕು. ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಒಲೆಯ ಪಕ್ಕ ಇಟ್ಟರೆ ಸರಿಹೋಗುತ್ತದೆ.

ಹಿಮ್ಮಡಿ ಒಡೆಯುವುದಕ್ಕೂ ಕಾರಣವಿದೆ. ಅಂಗಾಲಿನ ಚರ್ಮದಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳೇ ಇಲ್ಲ. ಒಣಗಾಳಿ ಚರ್ಮದ ನೀರಿನಂಶವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ರಾತ್ರಿ ಕಾಲು ತೊಳೆದು, ಒರೆಸಿ, ಎಣ್ಣೆ ಹಚ್ಚಿ ಮಲಗಬೇಕು.

ಕೀಲು ಎಂದರೇನು?

ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಮೂಳೆಯ ತುದಿಯಲ್ಲಿ ನುಣುಪಾದ ಮೃದ್ವಸ್ಥಿ ಇರುತ್ತದೆ. ನಡುವೆ ಕೀಲುದ್ರವ ಇರುತ್ತದೆ. ಗಾಡಿಯ ಕೀಲಿಗೆ ಎಣ್ಣೆ ಇದ್ದ ಹಾಗೆ. ದೇಹದಲ್ಲಿ ಅತಿ ದೊಡ್ಡ ಕೀಲು ಮಂಡಿ. ಮೆಟ್ಟಿಲು ಹತ್ತುವಾಗ ಅದರ ಮೇಲೆ ನಮ್ಮ ತೂಕದ ಸುಮಾರು ಮೂರು ಪಟ್ಟು ಭಾರ ಬೀಳುತ್ತದೆ. ವಯಸ್ಸಾದಂತೆ ಮೃದ್ವಸ್ಥಿ ಸವೆಯುತ್ತದೆ. ಇದೇ ಸಂಧಿವಾತದಲ್ಲಿ ಹೆಚ್ಚಾಗಿ ಕಾಣುವ ಬಗೆ.

ಚಳಿಯಲ್ಲಿ ಕೀಲುದ್ರವ ಸ್ವಲ್ಪ ಮಂದವಾಗುತ್ತದೆ. ಸ್ನಾಯುಗಳು ಬಿಗಿಯುತ್ತವೆ. ಚರ್ಮದ ಕಡೆಯ ರಕ್ತನಾಳಗಳು ಕಿರಿದಾಗುತ್ತವೆ. ಮುದುಡಿ ಕೂತು ಓಡಾಟವೂ ಕಡಿಮೆಯಾಗುತ್ತದೆ. ಇವೆಲ್ಲ ಸೇರಿ ಮೊದಲೇ ಇದ್ದ ನೋವು ಹೆಚ್ಚಾಗಬಹುದು. ಚಳಿಯೊಂದೇ ಈ ಕಾಯಿಲೆಯನ್ನು ತರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಒಂದು ಉದಾಹರಣೆ

ನಮ್ಮ ಅಜ್ಜಿ ಸಾರಕ್ಕಿಯಲ್ಲಿದ್ದಾರೆ. ಸಾರಕ್ಕಿ ಹಿಂದೆ ಹಳ್ಳಿ, ಈಗ ಜೆ.ಪಿ. ನಗರದ ಜೊತೆ ಸೇರಿಹೋಗಿದೆ. ಅಜ್ಜಿ ಬೆಳಗಿನ ಜಾವವೇ ಮಾರ್ಕೆಟ್ಟಿನಲ್ಲಿ ಗೋಣಿಚೀಲ ಹಾಸಿ ಸೊಪ್ಪು ಮಾರುತ್ತಾರೆ. ಏಳಬೇಕಾದರೆ ಯಾರಾದರೂ ಕೈ ಹಿಡಿಯಬೇಕಿತ್ತು. “ಮಂಡಿ ಹಿಡ್ಕಂಡೈತೆ ಕಣಮ್ಮ, ಬಿಸ್ಲು ಬರೋತಂಕ ಬಿಡಕ್ಕಿಲ್ಲ” ಅನ್ನೋರು. ಮನೇಲಿರಿ ಅಂದರೆ ಆ ದಿನದ ದುಡ್ಡು ಯಾರು ಕೊಡ್ತಾರೆ?

ಅಪ್ಪ ಕೂರಲು ಒಂದು ಪ್ಲಾಸ್ಟಿಕ್ ಕ್ರೇಟು ತಂದುಕೊಟ್ಟರು. ಅಜ್ಜಿ ಬೇಡವೆಂದರು. ಮೇಲೆ ಕೂತರೆ ಕೆಳಗಿನ ಸೊಪ್ಪು ಕೈಗೆ ಎಟುಕಲ್ಲವಂತೆ. ಅದೂ ನಿಜವೇ. ಆಮೇಲೆ ಸೊಪ್ಪಿಗೂ ಒಂದು ಕ್ರೇಟು ಬಂತು. ಮಂಡಿಗೆ ಹಳೇ ಸ್ವೆಟರಿನ ತೋಳು ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಆದರೆ ಈಗ ಏಳಲು ಯಾರ ಕೈಯೂ ಬೇಕಿಲ್ಲ.

ನಾವು ಏನು ಮಾಡಬಹುದು?

1. ಕಲ್ಲುಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಬಹುದು. ಮೊದಲು ನಮ್ಮ ಕೈಗೆ ಮುಟ್ಟಿಸಿ ನೋಡಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಕಾಲು ಸುಟ್ಟರೂ ಗೊತ್ತಾಗದೆ ಇರಬಹುದು.

2. ಹಿರಿಯರನ್ನು ದಿನಾ ಸ್ವಲ್ಪ ನಡೆಸಬೇಕು. ಹಾಸಿಗೆಯಲ್ಲೇ ಇದ್ದರೆ ತೊಡೆಯ ಸ್ನಾಯು ಸೊರಗಿ, ಮಂಡಿಗೆ ಆಸರೆ ತಪ್ಪುತ್ತದೆ.

3. ಬಾವಿ, ನಲ್ಲಿಯಿಂದ ನೀರು ತರುವುದು, ಅಟ್ಟದಿಂದ ಸಾಮಾನು ಇಳಿಸುವುದು ಮಕ್ಕಳಾದ ನಮ್ಮ ಕೆಲಸ.

4. ಕೋಣೆಯ ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಬಾರದು. ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸುವುದೂ ಇಷ್ಟೇ ಅಪಾಯ.

5. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಬಾರದು. ಹೊಟ್ಟೆ ಮತ್ತು ಮೂತ್ರಪಿಂಡ ಹಾಳಾಗುತ್ತವೆ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ಮನೆಯಲ್ಲಿ ಒಂದು ಪ್ರಶ್ನೆ ಕೇಳಿ: “ಬೆಳಗ್ಗೆ ಎದ್ದಾಗ ಕೀಲು ಎಷ್ಟು ಹೊತ್ತು ಬಿಗಿದುಕೊಂಡಿರುತ್ತೆ?” ಸವೆತದಿಂದ ಬಂದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಒಂದು ಗಂಟೆಗಿಂತ ಹೆಚ್ಚು ಇದ್ದರೆ, ಬೆರಳಿನ ಕೀಲುಗಳು ಊದಿದ್ದರೆ, ಅದು ಬೇರೆ ಬಗೆಯ ಸಂಧಿವಾತ ಇರಬಹುದು. ಅದಕ್ಕೆ ಬೇಗ ಔಷಧಿ ಮಾಡಿದರೆ ಕೀಲು ಉಳಿಯುತ್ತದೆ. ಜಯನಗರದಲ್ಲಿ ಸರ್ಕಾರಿ ಜನರಲ್ ಆಸ್ಪತ್ರೆ ಇದೆ. ಮೂಳೆ ಚಿಕಿತ್ಸೆಗೆ ಸಂಜಯ್ ಗಾಂಧಿ ಆಸ್ಪತ್ರೆಯೂ ಅಲ್ಲೇ ಇದೆ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಎನ್ನುತ್ತಾರೆ. ಆದರೆ ಊದಿದ ಕೀಲು ಶಿವರಾತ್ರಿವರೆಗೆ ಕಾಯುವುದಿಲ್ಲ. “ವಯಸ್ಸಾಯ್ತು, ಅನುಭವಿಸಬೇಕು” ಅಂತ ಅವರು ಅಂದರೂ, ನಾವು ಸುಮ್ಮನಿರದೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ.

– 7ನೇ ತರಗತಿ ವಿದ್ಯಾರ್ಥಿನಿ